ಒಂದಕ್ಕೆ ನಾಲ್ಕು

ಒಂದು ಬಟ್ಟಲು ಸಕ್ಕರೆಗೆ ನಾಲ್ಕು ಬಟ್ಟಲು ನೀರು,
ಇಷ್ಟೇ, ಅಂದಳು ಗೋಡೆಯಾಚೆಯಿಂದ ಒಫೀಲಿಯಾ ಬರ್ರಾಸ,
ನಾಲ್ಕು ಬೆರಳೆತ್ತಿ, ಸೋಪಿನ ನೊರೆ ಮೊಣಕೈಗೆ ಇಳಿಯುತ್ತಿರಲು.
ಕೆಂಪು ಬಣ್ಣ ಬೇಡ. ಜೇನು ಬೇಡ.
ಬೆಲ್ಲ? ಅಂದೆ.
ಹಾಗಂದರೇನು? ಅಂದಳು.
ಒಳಗಿನಿಂದ ಒಂದು ಅಚ್ಚು ತಂದುಕೊಟ್ಟೆ.
ಮೂಸಿ, ಅಂಚು ಕಚ್ಚಿ, ಪಿಲೊನ್ಸಿಯೊ! ಅಂತ ಕೂಗಿದಳು,
ಕಳೆದುಹೋದ ತಂಗಿ ಸಿಕ್ಕವಳ ಹಾಗೆ.
ಆಮೇಲೆ ಅಚ್ಚನ್ನು ಏಪ್ರನ್ ಜೇಬಿಗೆ ಹಾಕಿಕೊಂಡು,
ಇದು ನನಗಿರಲಿ. ಹಕ್ಕಿಗೆ ಬೇಡ,
ಇದರ ಕಬ್ಬಿಣ ಅವಕ್ಕೆ ಆಗಿಬರೋದಿಲ್ಲ.

ಟೂಸಾನಿನಲ್ಲಿ ಆಗಸ್ಟ್.
ತಣ್ಣೀರ ನಲ್ಲಿಯಲ್ಲೂ ಬಿಸಿನೀರೇ ಬರುವ ತಿಂಗಳು.
ನಿಜಗುಣನ ರಕ್ತದಲ್ಲಿ ಸಕ್ಕರೆ ಕಂಡ ದಿನದಿಂದ
ನಮ್ಮ ಡಬ್ಬಿಯಲ್ಲಿ ಕಂಡಿರಲಿಲ್ಲ, ಹನ್ನೊಂದು ವರ್ಷ.
ನಾಲ್ಕು ಪೌಂಡಿನ ಚೀಲ ಮೇಜಿನ ಮೇಲಿಟ್ಟಾಗ
ಅವನು ಪೇಪರಿನ ಮೇಲಿಂದ ಒಮ್ಮೆ ನೋಡಿದ,
ಬೀಗರ ಮನೆಯವರನ್ನು ನೋಡುವಂತೆ.

ಕರಗಿದೊಡನೆ ಇಳಿಸಬೇಕು. ಇದೇ ನನಗೆ ಕಷ್ಟ.
ಗೋಕಾಕದಲ್ಲಿ ಗುರುಪಾದ ಮಾವನ ಒಲೆಯ ಮುಂದೆ ಕಲಿತ ಕೈ ಇದು.
ಸೌಟಿನ ತುದಿಯ ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ
ಒತ್ತಿ, ಬಿಡಿಸಿ, ಬೆಳಕಿಗೆ ಹಿಡಿದು
'ನೋಡವಾ, ಎಳಿ ಬಂತೇನು?' ಅನ್ನುತ್ತಿದ್ದ.
ಒಂದೆಳೆಗೆ ಒಂದು ತಿನಿಸು, ಎರಡೆಳೆಗೆ ಇನ್ನೊಂದು.
ಎಳೆಯೇ ಬಾರದ್ದಕ್ಕೆ ಅವನ ಅಂಗಡಿಯಲ್ಲಿ ಒಂದೇ ಹೆಸರು:
ದಂಡ.
ಈಗ ಆ ದಂಡದ ನೀರನ್ನೇ ಮುಚ್ಚಿಟ್ಟು,
ಆರುವ ತನಕ ಅದರ ಪಕ್ಕ ಕೂತಿರುತ್ತೇನೆ.

ಮೊದಲು ಬಂದದ್ದು ಹಕ್ಕಿಯಲ್ಲ, ಸದ್ದು.
ಹಳೇ ಟ್ಯೂಬ್‌ಲೈಟಿನ ಚೋಕು ಗುಂಯ್‌ಗುಡುವಂಥದ್ದು.
ನಮ್ಮ ಸೂರಕ್ಕಿ ಕೂತು ಕುಡಿಯುತ್ತದೆ,
ಇದು ನಿಂತಲ್ಲೇ ಗಾಳಿಯನ್ನು ಕಡೆಯುತ್ತದೆ, ಬೆಣ್ಣೆ ಬರುವುದೇನೋ ಎಂಬಷ್ಟು.
ಒಂದು ಗಂಡು, ಕೊರಳಲ್ಲಿ ಕುಂಕುಮದ ಮಿಂಚು,
ಉಳಿದವನ್ನೆಲ್ಲ ಅಟ್ಟಿ ಬಾಟಲಿ ತನ್ನದೇ ಅಂತ ಕಾಯುತ್ತದೆ.
ನಿಜಗುಣ ಅದಕ್ಕೆ ತಲಾಟಿ ಅಂತ ಹೆಸರಿಟ್ಟ.

ತಿಂಗಳ ಕೊನೆಯ ವಾರ ಲೆಕ್ಕ ತಪ್ಪಿತು.
ಸಂಜೆ ಕಂಠದವರೆಗೆ ತುಂಬಿಸಿದ ಬಾಟಲಿ
ಬೆಳಿಗ್ಗೆ ಖಾಲಿ. ಒರೆಸಿಟ್ಟ ಹಾಗೆ.
ಇರುವೆ ಸಾಲಿಲ್ಲ, ನೆಲ ಒದ್ದೆಯಿಲ್ಲ.
ಹಕ್ಕಿಗಳು ರಾತ್ರಿ ನಿದ್ದೆ ಮಾಡುತ್ತವೆ.
ನಿದ್ದೆ ಮಾಡದವನು ಮನೆಯಲ್ಲಿ ಒಬ್ಬನೇ.

ನಾನು ಬಾಯಿ ಬಿಡಲಿಲ್ಲ.
ಅವನ ಮೀಟರಿನ ಅಂಕಿ ಕದ್ದು ನೋಡಿದೆ: ನೂರ ನಲವತ್ತೆರಡು,
ಹೌದೆನ್ನಲೂ ಇಲ್ಲವೆನ್ನಲೂ ಸಾಲದ ಸಂಖ್ಯೆ.
ಬಾಟಲಿಯ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದೆ.

ಆ ರಾತ್ರಿ ಪಕ್ಕದ ದಿಂಬು ಬರಿದಾಗಿತ್ತು.
ಬರಿಗಾಲಲ್ಲಿ ಹಿತ್ತಲ ಬಾಗಿಲಿಗೆ ಹೋದೆ,
ಕಳ್ಳನನ್ನು ಹಿಡಿಯುವ ಖುಷಿ, ಸುಳ್ಳೇಕೆ, ಅದೂ ಇತ್ತು.
ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು, ಕೈ ತೊಡೆಯ ಮೇಲೆ,
ಸಗ್ವಾರೊ ಕಳ್ಳಿಯಷ್ಟೇ ಅಲುಗದೆ.
ಬಾಟಲಿಯ ಸುತ್ತ ಕತ್ತಲೆ ತುಂಡುತುಂಡಾಗಿ ಹಾರುತ್ತಿತ್ತು.
ಬಾವಲಿಗಳು.
ಒಂದೊಂದೂ ಬಂದು, ನಾಲಿಗೆ ಮುಟ್ಟಿಸಿ, ಹೋಗಿ,
ಸರದಿ ತಪ್ಪದೆ, ತಲಾಟಿ ಇಲ್ಲದ ಹೊತ್ತಿನಲ್ಲಿ.

'ಐದು ದಿನಾ ಆತು ನೋಡಾಕತ್ತು,' ಅಂದ, ಹಿಂದಿರುಗದೆ.
ನನಗ್ಯಾಕ ಹೇಳಲಿಲ್ಲ?
'ನಿದ್ದಿ ಯಾಕ ಬರವಲ್ದು ಅಂತ ಕೇಳ್ತಿದ್ದಿ.'

ಕೇಳಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡೆ.
ರೆಕ್ಕೆಯ ಗಾಳಿ ಒಮ್ಮೆ ಕೆನ್ನೆಗೆ ತಾಗಿತು, ತಣ್ಣಗೆ,
ಆ ತಿಂಗಳು ಊರಲ್ಲಿ ತಣ್ಣಗಿದ್ದದ್ದು ಅದೊಂದೇ.

ಬೆಳಿಗ್ಗೆ ಎರಡಕ್ಕೆ ಎಂಟು ಬಟ್ಟಲು ಇಟ್ಟೆ.
ಬಾಟಲಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಕೂತಿತ್ತು,
ವಿನೆಗರ್ ಹಾಕಿ ಉಜ್ಜಿದೆ, ಅದು ಹೋಯಿತು.
ಗೆರೆಯನ್ನೂ ಉಜ್ಜಿದೆ, ಉಗುರಿನಿಂದ ಕೆರೆದೆ.
ನಿಜಗುಣ ಹಿಂದೆ ನಿಂತು ಟವೆಲ್ ಕೊಟ್ಟ.
ಅದೇನು ಗೆರೆ ಅಂತ ಕೇಳಲಿಲ್ಲ.